ಬಲಗಡೆಗೆ ಓಡಿದ ಕುದುರೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕತೆಯಲ್ಲಿ ನಾನು ಒಬ್ಬ ಮನುಷ್ಯನನ್ನು ಕತ್ತೆ, ಅಡ್ಡಕಸುಬಿ, ಉಳಿ ಹಿಡಿಯಲು ಯೋಗ್ಯತೆ ಇಲ್ಲದವನು ಅಂತೆಲ್ಲ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಆ ಬೈಗುಳಗಳಲ್ಲಿ ಒಂದನ್ನೂ ಈಗ ವಾಪಸು ತೆಗೆದುಕೊಳ್ಳುವವನಲ್ಲ.

ಚಾಮರಾಜಪೇಟೆಯ ಐದನೇ ಮೈನ್ ರೋಡಿನಲ್ಲಿ ನನ್ನ ಅಂಗಡಿ, ಅದರ ಹಿಂದೆಯೇ ಮನೆ. ಹಿತ್ತಾಳೆ ಬಿಲ್ಲೆಯ ಮೇಲೆ ಉಳಿ ಹಿಡಿದು ಸೀಲು ಕೆತ್ತುವುದು ನನ್ನ ಕಸುಬು. ಸ್ಕೂಲು, ಸೊಸೈಟಿ, ಮಠ, ಸರ್ಕಾರಿ ಕಚೇರಿ, ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ಬಾಗಿಲ ಮೇಲೆ ಬೋರ್ಡು ಬರೆಸಿದ್ದೆ: "ದೊರೆಸ್ವಾಮಿ, ಸೀಲು ಕೆತ್ತುವವರು. ನಲವತ್ತು ವರ್ಷ. ಒಂದೂ ತಪ್ಪಿಲ್ಲ." ಆ ಕೊನೆಯ ಮಾತು ಬೇಡ, ಕಣ್ಣು ಬೀಳುತ್ತೆ ಅಂತ ನನ್ನ ಹೆಂಡತಿ ಭಾಗೀರಥಮ್ಮ ಆಗಲೇ ಹೇಳಿದ್ದಳು. "ನಿಜಕ್ಕೆ ಕಣ್ಣು ಬೀಳಲ್ಲ ಕಣೇ" ಅಂದಿದ್ದೆ ನಾನು.

ಎಂಬತ್ತೆರಡನೇ ಇಸವಿ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿದ ವಾರ. ಏಕಾಂತಯ್ಯ ಅನ್ನುವವರು ಅಂಗಡಿಗೆ ಬಂದರು. ಶೇಷಾದ್ರಿಪುರಂ ಕಡೆಯ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಮೃದು ಮಾತಿನ ಮನುಷ್ಯ, ಅಂಚೆಚೀಟಿ ಕೂಡಿಸುವ ಹುಚ್ಚು, ಹಾಗಾಗಿ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ.

"ದೊರೆಸ್ವಾಮಿಗಳೇ, ಒಂದು ಪ್ರಶ್ನೆ" ಅಂದರು. "ನಮ್ಮ ದೇಶದ ಲಾಂಛನದಲ್ಲಿ ಸಿಂಹಗಳ ಕಾಲ ಕೆಳಗೆ ಏನಿದೆ?"

"ಚಕ್ರ."

"ಚಕ್ರದ ಆಚೆ ಈಚೆ?"

ನನಗೆ ರೇಗಿತು. "ಏನ್ ಸ್ವಾಮಿ, ನನಗೇ ಪರೀಕ್ಷೆ ಇಡ್ತೀರಾ?" ಅಂದೆ. ನಿಜ ಹೇಳಬೇಕೆಂದರೆ ಏನಿದೆ ಅಂತ ನನಗೆ ಥಟ್ಟನೆ ಹೊಳೆಯಲಿಲ್ಲ. ಹೊಳೆಯದಿದ್ದಾಗಲೇ ನನಗೆ ಸಿಟ್ಟು ಜಾಸ್ತಿ.

ಅವರು ನಕ್ಕು, ಜೇಬಿನಿಂದ ಎಂಟಾಣೆ ನಾಣ್ಯ ತೆಗೆದು ಭೂತಗನ್ನಡಿ ಹಿಡಿದರು. ಆಗ ಕಂಡಿತು. ನಡುವೆ ಚಕ್ರ. ನಮ್ಮ ಎಡಕ್ಕೆ ಓಡುವ ಕುದುರೆ, ಬಲಕ್ಕೆ ಒಂದು ಎತ್ತು. ಎಳ್ಳುಕಾಳಿನಷ್ಟು ಗಾತ್ರ. ಆಮೇಲೆ ಒಂದು ಸರ್ಟಿಫಿಕೇಟು ಬಿಚ್ಚಿ ಅದರ ಸೀಲಿನ ಮೇಲೆ ಭೂತಗನ್ನಡಿ ಇಟ್ಟರು. "ಮಹಿಳಾ ಬೆರಳಚ್ಚು ತರಬೇತಿ ಕೇಂದ್ರ" ಅಂತ ಸುತ್ತ ಅಕ್ಷರ, ನಡುವೆ ಸಿಂಹಗಳು. ಆದರೆ ಕೆಳಗೆ ಎಡಕ್ಕೆ ಎತ್ತು ಇತ್ತು! ಕುದುರೆ ಬಲಕ್ಕೆ ಹೋಗಿತ್ತು.

"ಈ ಕೇಂದ್ರ ಮುಚ್ಚಿ ಮೂರು ವರ್ಷ ಆಯ್ತು. ದಫ್ತರ ಎಲ್ಲಿ ಹೋಯ್ತೋ ಗೊತ್ತಿಲ್ಲ, ಕೇಳೋಣ ಅಂದ್ರೆ ಅಲ್ಲಿದ್ದ ಅಧಿಕಾರಿಗಳೂ ಇಲ್ಲ. ಈ ಸರ್ಟಿಫಿಕೇಟ್ ಮೇಲೆ ಒಂದು ಹುಡುಗಿ ನಮ್ಮಲ್ಲಿ ಟೈಪಿಸ್ಟ್ ಆಗಿದಾಳೆ. ಶಿವಕುಮಾರಿ ಅಂತ. ಕೆಲಸ ಖಾಯಂ ಮಾಡೋ ಮುಂಚೆ ಕಾಗದ ಪತ್ರ ನೋಡ್ಬೇಕಲ್ಲ, ನೋಡ್ದಾಗ ಇದು ಕಣ್ಣಿಗೆ ಬಿತ್ತು. ನೀವು ಕಸುಬಿನವರು. ಏನಂತೀರಿ?"

ಏನಂತೀನಿ! ಕುದುರೆ ಕಂಡಮೇಲೆ ನಾನು ಬೇರೇನೂ ನೋಡಲಿಲ್ಲ. "ಯಾವ ಕತ್ತೆ ಕೆತ್ತಿದ್ದು ಸ್ವಾಮಿ ಇದನ್ನ? ಎಡ ಬಲ ಗೊತ್ತಿಲ್ಲದ ಅಡ್ಡಕಸುಬಿ! ಅಂಥೋನ ಕೈಗೆ ಉಳಿ ಕೊಟ್ಟೋರು ಯಾರು?" ಅಂತ ಶುರು ಮಾಡಿ, ಅದೇ ಬಿಸಿಯಲ್ಲಿ ಒಂದು ಕಾಗದವನ್ನೂ ಬರೆದುಕೊಟ್ಟೆ. "ಈ ಸೀಲು ಕಸುಬು ಬಲ್ಲ ಯಾವ ಕೆತ್ತನೆಗಾರನ ಕೈಯದೂ ಅಲ್ಲ. ಇದು ನಕಲಿ." ಕೆಳಗೆ ನನ್ನ ರುಜು. ಅದರ ಮೇಲೆ ನನ್ನ ಅಂಗಡಿಯ ಸೀಲು, ಅಂದವಾಗಿ.

ಏಕಾಂತಯ್ಯ ಹೋದಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ನನಗೆ ಗೊತ್ತಿರಲಿಲ್ಲ ಸರಿ, ಊರಿಗಾದರೂ ಗೊತ್ತಿದೆಯೋ? ಒಂದು ವಾರ ಕಂಡಕಂಡವರನ್ನೆಲ್ಲ ಕೇಳಿದೆ. "ಕುದುರೆ ಯಾವ ಕಡೆ?" ಬ್ಯಾಂಕಿನ ಕ್ಯಾಷಿಯರು ದಿನವಿಡೀ ನಾಣ್ಯ ಮುಟ್ಟುವ ಆಸಾಮಿ, "ಕುದುರೆ ಎಲ್ಲಿದೆ ಮಾರಾಯ್ರೆ, ಸಿಂಹ ಅಲ್ವಾ ಇರೋದು?" ಅಂದ. ಕಾಫಿ ಹೋಟೆಲಿನವನು, "ಎತ್ತೂ ಇದೆಯಾ? ಯಾವ್ದು, ನಮ್ಮ ದೊಡ್ಡ ಬಸವಣ್ಣನಾ?" ಅಂತ ಕೈ ಮುಗಿದ. ಹೈಸ್ಕೂಲು ಮೇಷ್ಟ್ರೊಬ್ಬರು ಎಡ ಅಂದರು, ಬಲ ಅಂದರು, ಕೊನೆಗೆ ಸಿಲಬಸ್ಸಿನಲ್ಲಿಲ್ಲ ಅಂದರು. ಭಾಗೀರಥಮ್ಮ ಅವರೆಕಾಯಿ ಸುಲಿಯುತ್ತ, "ನಾನು ಸಿಂಹಕ್ಕೆ ತಲೆ ಎಷ್ಟು ಅಂತಾನೇ ಎಣಿಸಿಲ್ಲ, ಕುದುರೆ ಯಾರು ನೋಡಿದ್ರು" ಅಂದಳು. ಎಲ್ಲರ ಜೇಬಿನಲ್ಲೂ ಇರುವ ಪ್ರಾಣಿ, ಯಾರೂ ನೋಡಿಲ್ಲ. ನನಗೆ ಒಳಗೊಳಗೇ ಭಾರೀ ಖುಷಿ, ಊರಿನಲ್ಲಿ ಗೊತ್ತಿರುವವನು ನಾನೊಬ್ಬನೇ ಅಂತ.

ಶುಕ್ರವಾರ ಬೆಳಿಗ್ಗೆ ಆ ಹುಡುಗಿ ಬಂದಳು. ಜೊತೆಗೆ ಅವಳ ತಂದೆ ಚಲುವರಾಜು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು. ಬಿಳಿ ಅಂಗಿ, ಬಿಳಿ ಪಂಚೆ. ಹುಡುಗಿ ಅಳುತ್ತಾಳೆ, ಸಮಾಧಾನ ಮಾಡಿ ಕಳಿಸೋಣ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ನನ್ನ ಕಾಗದದ ನಕಲನ್ನೂ ಏಕಾಂತಯ್ಯನವರನ್ನು ಕೇಳಿ ತಂದ ಸರ್ಟಿಫಿಕೇಟನ್ನೂ ಮೇಜಿನ ಮೇಲೆ ಇಟ್ಟಳು.

"ಇದನ್ನ ಬರೆದಿದ್ದು ನೀವೇನಾ ಸಾರ್?"

"ನಾನೇ. ಏನೀಗ?"

"ಎಪ್ಪತ್ತಾರರಲ್ಲಿ ನನ್ನ ಕಣ್ಣೆದುರಿಗೇ ಆ ಸೀಲ್ ಒತ್ತಿದ್ರು. ಒಂದೇ ಬ್ಯಾಚಲ್ಲಿ ನಲವತ್ತು ಹುಡುಗೀರಿದ್ವಿ. ಇಂಕು ಒಣಗ್ಲಿ ಅಂತ ಸರ್ಟಿಫಿಕೇಟನ್ನೆಲ್ಲಾ ಬೆಂಚಿನ ಮೇಲೆ ಹರಡಿದ್ರು, ನಾನೇ ಬೀಸಣಿಗೆ ಬೀಸಿದೀನಿ. ಅದು ನಕಲಿ ಅಂತ ನಿಮಗೆ ಹೇಗೆ ಗೊತ್ತು? ನೀವಲ್ಲಿ ಇದ್ರಾ?"

"ಕುದುರೆ ತಪ್ಪು ಕಡೆ ಇದೆಯಮ್ಮ."

"ಕುದುರೇನ ನಾನು ಕಟ್ಟಿದ್ನಾ ಸಾರ್?"

ಅಡುಗೆಮನೆ ಬಾಗಿಲಲ್ಲಿ ಭಾಗೀರಥಮ್ಮ ಕಿಸಕ್ಕನೆ ನಕ್ಕಳು. ನನ್ನ ಮೈ ಉರಿಯಿತು. ಚಲುವರಾಜು ಮಗಳ ಭುಜ ಮುಟ್ಟಿ ತಾವು ಮಾತಿಗೆ ಬಂದರು.

"ಸೋಮವಾರ ಆರ್ಡರ್ ಬರುತ್ತಂತೆ ಸ್ವಾಮಿ. ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಹೋಗ್ಲಿ, ನಾನು ಕಲ್ಲು ಹೊತ್ತೋನು, ಇನ್ನೂ ಹೊರ್ತೀನಿ. ಆದ್ರೆ ಇವಳನ್ನ ಫೋರ್ ಟ್ವೆಂಟಿ ಅಂತಾರೆ. ಪೊಲೀಸಿಗೆ ಬರೀತಾರಂತೆ. ನಮ್ಮ ವಂಶದಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡಿದ ಮೊದಲ್ನೇ ಹೆಣ್ಣುಮಗಳು ಇವಳು. ನಮ್ಮ ಬೀದಿಯ ಇನ್ನಾರು ಹುಡುಗೀರು ಇವಳನ್ನ ನೋಡಿ ಟೈಪಿಂಗಿಗೆ ಸೇರಿದಾರೆ. ಅವರ ಅಪ್ಪಂದಿರು ನಾಳೆ ಏನಂತಾರೆ ಹೇಳಿ."

ಇಷ್ಟು ಹೊತ್ತು ಇಬ್ಬರನ್ನೂ ನಿಲ್ಲಿಸಿಯೇ ಮಾತಾಡಿದ್ದೇನೆ ಅನ್ನುವುದು ಆಗ ಗಮನಕ್ಕೆ ಬಂತು. ನಾನು ಸ್ಟೂಲು ಎಳೆಯುವಷ್ಟರಲ್ಲಿ ಭಾಗೀರಥಮ್ಮ ಮೂರು ಲೋಟ ಕಾಫಿ ತಂದಿಟ್ಟು, "ಕೂತ್ಕೊಳ್ಳಿ, ಇವರ ಮಾತಿಗೆ ಸಕ್ಕರೆ ಕಮ್ಮಿ, ಕಾಫಿಗೆ ಹಾಕಿದೀನಿ" ಅಂದಳು.

ಕಾಫಿ ಕುಡಿಯುತ್ತ ಚಲುವರಾಜು ಮೆಲ್ಲಗೆ ಕೇಳಿದರು. "ಕುದುರೆ ಎಡಕ್ಕೇ ಇರ್ಬೇಕು ಅಂತ ಯಾಕೆ ಅಂತ ನಿಮಗೆ ಗೊತ್ತಾ ಸ್ವಾಮಿ?"

"ನಾಣ್ಯದಲ್ಲಿ ಹಾಗಿದೆ."

"ನಾನು ಅಸಲು ಕಂಬದ ತಲೆಯನ್ನೇ ನೋಡಿದೀನಿ. ನಾವು ಬೌದ್ಧರು. ರಿಟೈರ್ ಆಗೋ ವರ್ಷ ರೈಲ್ವೆ ಪಾಸಲ್ಲಿ ಸಾರನಾಥಕ್ಕೆ ಹೋಗಿದ್ದೆ. ಬುದ್ಧ ಮೊದಲ್ನೇ ಬೋಧನೆ ಮಾಡಿದ ಜಾಗ. ಅಲ್ಲಿ ಅಶೋಕ ಚಕ್ರವರ್ತಿ ನಿಲ್ಲಿಸಿದ ಕಂಬ ಈಗ ಮುರಿದಿದೆ, ಆದ್ರೆ ಸಿಂಹಗಳನ್ನ ಮ್ಯೂಸಿಯಮ್ಮಲ್ಲಿ ಇಟ್ಟಿದಾರೆ. ಸಿಂಹ ಮೂರಲ್ಲ ಸ್ವಾಮಿ, ನಾಲ್ಕು. ಚಿತ್ರದಲ್ಲಿ ಹಿಂದಿಂದು ಕಾಣಲ್ಲ ಅಷ್ಟೆ. ಕೆಳಗಿನ ಪಟ್ಟಿಯಲ್ಲೂ ಪ್ರಾಣಿ ನಾಲ್ಕು. ಕುದುರೆ, ಎತ್ತು ನಮ್ಮ ಮುಂದಕ್ಕೆ ಬಂದಿವೆ. ಆನೆ, ಸಿಂಹ ಮರೆಯಲ್ಲಿವೆ."

"ಆನೆಯೂ ಇದೆಯಾ!" ಅಂದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಇದೆ. ನಾನು ಕೈ ಮುಗಿದು ಪ್ರದಕ್ಷಿಣೆ ಬಂದೆ. ಆಗ ನೋಡ್ದೆ, ಆ ನಾಲ್ಕೂ ನನ್ನ ಜೊತೇಲೇ ಬರ್ತಿದಾವೆ! ಒಂದ್ರ ಹಿಂದೆ ಒಂದು, ನಾನು ನಡೆಯೋ ಕಡೆಗೇ ಮುಖ. ಪ್ರದಕ್ಷಿಣೆ ಬರೋನಿಗೆ ದೇವರು ಬಲಗೈ ಕಡೆ ಇರ್ಬೇಕಲ್ಲ. ಎದುರು ನಿಂತು ನೋಡೋರಿಗೆ ಅವು ಎಡಕ್ಕೆ ಹೋದಂಗೆ ಕಾಣುತ್ತೆ. ಅದಕ್ಕೇ ಕುದುರೆ ಮುಂದೆ, ಎಡಕ್ಕೆ. ಎತ್ತು ಹಿಂದೆ, ಬಲಕ್ಕೆ."

ನಾನು ನಾಣ್ಯ ತೆಗೆದು ಭೂತಗನ್ನಡಿ ಹಿಡಿದೆ. ಹೌದು, ಎರಡರ ಮುಖವೂ ಎಡಕ್ಕೆ. ಆಮೇಲೆ ಶಿವಕುಮಾರಿಯ ಸರ್ಟಿಫಿಕೇಟು ನೋಡಿದೆ. ಅದರಲ್ಲಿ ಎರಡರ ಮುಖವೂ ಬಲಕ್ಕೆ. ಪ್ರಾಣಿಗಳು ಬರೀ ಜಾಗ ಬದಲಾಯಿಸಿರಲಿಲ್ಲ, ಇಡೀ ಮೆರವಣಿಗೆಯೇ ಅಪ್ರದಕ್ಷಿಣೆ ಹೊರಟಿತ್ತು.

ಇದು ಸುಳ್ಳು ಸೀಲು ಮಾಡುವವನ ತಪ್ಪಲ್ಲ ಅಂತ ಆಗಲೇ ನನಗೆ ಅನ್ನಿಸಿತು. ಕಳ್ಳ ಆದವನು ನೋಡಿ ನೋಡಿ ನಕಲು ಮಾಡುತ್ತಾನೆ. ಇದು ಕನ್ನಡಿಯ ತಪ್ಪು. ಸೀಲು ಕೆತ್ತುವವನು ಹಿತ್ತಾಳೆಯ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಕೆತ್ತಬೇಕು, ಕಾಗದದ ಮೇಲೆ ಒತ್ತಿದಾಗ ಅದು ಸರಿಯಾಗಿ ಬೀಳುತ್ತದೆ. ಇಲ್ಲಿ ಅಕ್ಷರ ಸರಿಯಾಗಿ ಬಿದ್ದಿದೆ, ಚಿತ್ರ ತಿರುಗಿಬಿಟ್ಟಿದೆ. ಅಂದರೆ ಕೆತ್ತಿದವನು ಕಸುಬುದಾರನೇ. ಅಕ್ಷರ ತಿರುಗಿಸಿದ್ದಾನೆ, ಚಿತ್ರ ತಿರುಗಿಸಲು ಮರೆತಿದ್ದಾನೆ.

"ಅಮ್ಮಾ ಶಿವಕುಮಾರಿ, ಸರ್ಟಿಫಿಕೇಟ್ ಅಸಲಿಯೇ ಇರ್ಬೋದು" ಅಂದೆ. "ಇದನ್ನ ಕೆತ್ತಿದ ಕತ್ತೆ ಸಿಕ್ಕಿದ್ರೆ ನಿನ್ನ ಕೆಲಸ ಉಳಿಯುತ್ತೆ. ಬೆಂಗಳೂರಲ್ಲಿ ಹಿತ್ತಾಳೆ ಕೆತ್ತೋರು ನಾವು ನಾಲ್ಕೇ ಜನ. ನಾನೇ ಹಿಡ್ಕೊಂಡು ಬರ್ತೀನಿ ಅವನನ್ನ."

ನನ್ನ ಅನುಮಾನ ಇದ್ದದ್ದು ಉಪ್ಪಾರಪೇಟೆಯ ಆಂಜಿನಯ್ಯನ ಮೇಲೆ. ಅಲ್ಲಿನ ಲಾಡ್ಜುಗಳ ಸಂದಿಯಲ್ಲಿ ಅವನ ಅಂಗಡಿ. ಕೆಲಸದಲ್ಲಿ ಅವಸರ, ಬಾಯಲ್ಲಿ ಎಲೆಅಡಿಕೆ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರಿಗೂ ಮಾತಿಲ್ಲ. ಶನಿವಾರ ಸರ್ಟಿಫಿಕೇಟು ಹಿಡಿದು ಹೋದೆ. ತಂದೆ ಮಗಳೂ ಬಂದರು.

"ಆಂಜಿನಯ್ಯ, ಈ ಕುದುರೆ ನಿಂದೇನಯ್ಯಾ?" ಅಂತ ಬಾಗಿಲಿಂದಲೇ ಕೂಗಿದೆ.

ಅವನು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಬಾಯಿ ಖಾಲಿ ಮಾಡಿಕೊಂಡು ಬಂದು, ಯಾವತ್ತೂ ಇಲ್ಲದ ಮರ್ಯಾದೆಯಿಂದ, "ಒಳಗ್ ಬನ್ನಿ ದೊರೆಸ್ವಾಮಿಗಳೇ" ಅಂದ.

"ಒಳಗೂ ಬೇಡ ಹೊರಗೂ ಬೇಡ. ನಿಂದೋ ಅಲ್ವೋ?"

"ಕುದುರೆ ಯಾರದೋ ಗೊತ್ತಿಲ್ಲ. ಅಕ್ಷರ ಓದಿದ್ರಾ?"

"ಓದೋದೇನು, ಬೆರಳಚ್ಚು ತರಬೇತಿ ಕೇಂದ್ರ."

"ಬೆರಳಚ್ಚು ಅನ್ನೋದ್ರಲ್ಲಿ ಆ 'ಳ' ನೋಡಿ. ಬಾಲ ಒಳಗೆ ಸುತ್ತಿ, ತುದಿಗೆ ಒಂದು ಚುಕ್ಕಿ ಇಟ್ಟಿದಾನೆ. ಈ ಊರಲ್ಲಿ ಳಕಾರಕ್ಕೆ ಹಂಗೆ ಚುಕ್ಕಿ ಇಡೋನು ಒಬ್ನೇ. ಹೊಟ್ಟೆಕಿಚ್ಚಿಗೆ ನಾನೂ ಎಷ್ಟೋ ಸಲ ಇಡೋಕೆ ನೋಡಿದೀನಿ, ನನಗೆ ಬರಲ್ಲ."

ನಾನು ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ಆ ಚುಕ್ಕಿ ನನ್ನ ಗುರುಗಳು, ಅಕ್ಕಿಪೇಟೆಯ ಶ್ರೀನಿವಾಸಯ್ಯನವರು, ನನಗೆ ಒಬ್ಬನಿಗೇ ಹೇಳಿಕೊಟ್ಟದ್ದು. ಅವರು ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು.

ಆಂಜಿನಯ್ಯ ನಗಬಹುದಿತ್ತು. ನಾನಾಗಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದೆ. ಅವನು ನಗದೆ ಕುರ್ಚಿ ಮುಂದಕ್ಕೆ ತಳ್ಳಿದ. ನಾನು ಕೂತೆ. ಶಿವಕುಮಾರಿ ನನ್ನ ಮುಖ ನೋಡಿದಳು, ಸರ್ಟಿಫಿಕೇಟು ನೋಡಿದಳು. ಅವಳಿಗೆ ಅರ್ಥವಾಯಿತು. ಸರ್ಟಿಫಿಕೇಟನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದು ಅಚ್ಚಿನ ಪುಸ್ತಕ ತೆಗೆದೆ. ಕೆತ್ತಿದ ಪ್ರತಿ ಸೀಲಿನ ಮೊದಲ ಅಚ್ಚನ್ನು ಆ ಪುಸ್ತಕದಲ್ಲಿ ಒತ್ತಿ, ತಾರೀಖು ಬರೆಯುವುದು ನಮ್ಮ ಪದ್ಧತಿ. ಎಪ್ಪತ್ತಾರನೇ ಇಸವಿ, ಜೂನ್ ತಿಂಗಳ ಪುಟ. ಅಲ್ಲೇ ಇತ್ತು. ಸಿಂಹಗಳು, ಚಕ್ರ, ಬಲಗಡೆಗೆ ಓಡುವ ಕುದುರೆ. ಪಕ್ಕದಲ್ಲಿ ನನ್ನದೇ ಕೈಬರಹ: "ಚೆನ್ನಾಗಿ ಬಂದಿದೆ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ಗಾದೆ ಇದೆ. ನಾನು ನಿಜವಾಗಿಯೂ ಕನ್ನಡಿ ತಂದು ಪುಟದ ಪಕ್ಕ ಹಿಡಿದೆ. ಕನ್ನಡಿಯೊಳಗೆ ಅಕ್ಷರಗಳು ಉಲ್ಟಾ ಆದವು, ಕುದುರೆ ಸರಿಯಾಗಿ ಎಡಕ್ಕೆ ಹೋಯಿತು.

ಹೇಗಾಯಿತು ಅಂತ ಯೋಚಿಸುತ್ತ ಕೂತಾಗ ಪುಸ್ತಕದ ಹಿಂದಿನ ಪುಟಗಳು ತಾವೇ ಉತ್ತರ ಹೇಳಿದವು. ಪುಟ ತಿರುಗಿಸಿದಷ್ಟೂ ಗಂಡಭೇರುಂಡ. ನಾನು ಹದಿನಾಲ್ಕು ವರ್ಷಕ್ಕೆ ಕೆಲಸ ಕಲಿಯಲು ಸೇರಿದಾಗ ಮಹಾರಾಜರ ಆಳ್ವಿಕೆ. ಎಲ್ಲ ಸೀಲಿಗೂ ಆ ಎರಡು ತಲೆಯ ಹಕ್ಕಿಯೇ. ಸ್ವಾತಂತ್ರ್ಯ ಬಂತು, ಸಿಂಹಾಸನ ಹೋಯಿತು, ಹಕ್ಕಿ ಉಳಿಯಿತು. ಅದರ ನೆತ್ತಿಯ ಮೇಲೆ ಸಾರನಾಥದ ಸಿಂಹ ಬಂದು ಕೂತಿತು ನಿಜ, ಆದರೆ ಸೀಲಿನ ಗಾತ್ರಕ್ಕೆ ಅದು ಬರೀ ಚುಕ್ಕಿ, ಕುದುರೆ ಎತ್ತು ಕೆತ್ತಲು ಜಾಗವೇ ಇಲ್ಲ. ಎಪ್ಪತ್ತಮೂರರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂತು, ಊರಿನ ಅಷ್ಟೂ ಕಚೇರಿಗಳು ಹೊಸ ಸೀಲಿಗೆ ನನ್ನ ಬಾಗಿಲಲ್ಲಿ ಸಾಲು ನಿಂತವು. ಆಗಲೂ ಅಕ್ಷರ ಬದಲಾಯಿಸಿದೆನೇ ಹೊರತು ಹಕ್ಕಿಯನ್ನು ಬದಲಾಯಿಸಲಿಲ್ಲ. ಒಂದು ತಲೆ ಎಡಕ್ಕೆ, ಒಂದು ತಲೆ ಬಲಕ್ಕೆ. ಅತ್ತಿತ್ತ ಕಾವಲು ನಿಂತ ಆನೆಸೊಂಡಿಲಿನ ಸಿಂಹಗಳೂ ಒಂದಕ್ಕೊಂದು ಜೋಡಿ. ನೇರ ಕೆತ್ತು, ತಿರುಗಿಸಿ ಕೆತ್ತು, ಅಚ್ಚು ಒಂದೇ.

ಗಂಡಭೇರುಂಡಕ್ಕೆ ಎಡ ಬಲ ಇಲ್ಲ. ಗುರುಗಳು ಮೊದಲ ದಿನವೇ ಹೇಳಿದ್ದರು, "ಅಕ್ಷರ ತಿರುಗಿಸೋ, ಹಕ್ಕಿ ಹಾಗೇ ಇರ್ಲಿ." ಮೂವತ್ತನಾಲ್ಕು ವರ್ಷ ಆ ಮಾತನ್ನು ನನ್ನ ಕೈ ಪಾಲಿಸಿತು. ದಿಲ್ಲಿಯ ಸಿಂಹ ದೊಡ್ಡದಾಗಿ, ಹಕ್ಕಿಯಿಲ್ಲದೆ ನನ್ನ ಹತ್ತಿರ ಬಂದದ್ದು ಆ ಒಂದೇ ಸಲ. ಕೇಂದ್ರ ಸರ್ಕಾರದ ಸೀಲುಗಳೆಲ್ಲ ಬೇರೆ ಕಡೆಯಿಂದ ತಯಾರಾಗಿ ಬರುತ್ತಿದ್ದವು. ಆ ತರಬೇತಿ ಕೇಂದ್ರದವರಿಗೆ ಮಾತ್ರ ಅವಸರ, ಲೆಟರ್‌ಹೆಡ್ ತಂದು ಮುಂದಿಟ್ಟಿದ್ದರು. ನಾನು ಅಕ್ಷರ ತಿರುಗಿಸಿದೆ. ಸಿಂಹವನ್ನು ಹಕ್ಕಿ ಅಂದುಕೊಂಡು ಇದ್ದಂತೆಯೇ ಇಳಿಸಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಬುದ್ಧಿ ಕಳ್ಳನಿಗೂ ಇರುತ್ತದೆ. ನನಗೆ ಅದೂ ಇರಲಿಲ್ಲ. ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಊರೆಲ್ಲ ಕಳ್ಳನನ್ನು ಹುಡುಕಿದ್ದೆ.

ಭಾಗೀರಥಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿ, "ಈಗೇನ್ಮಾಡ್ತೀರಿ?" ಅಂದಳು.

"ಸೋಮವಾರ ಪುಸ್ತಕ ತಗೊಂಡ್ ಹೋಗ್ತೀನಿ. ಸರ್ಕಾರಿ ಕೆಲಸ ಇನ್ಮೇಲೆ ಯಾರೂ ಕೊಡಲ್ಲ."

"ಬೋರ್ಡು?"

"ಕಿತ್ತಾಕ್ತೀನಿ."

"ಅಷ್ಟೊಂದು ಸಿಟ್ಟು ಬೋರ್ಡಿನ ಮೇಲೆ ಯಾಕ್ರೀ? 'ಇಲ್ಲ' ಅನ್ನೋದನ್ನ ಒರೆಸಿದ್ರೆ ಸಾಕು. ನಲವತ್ತು ವರ್ಷ, ಒಂದು ತಪ್ಪು. ಅದೇನು ಕಮ್ಮಿ ಮರ್ಯಾದೆಯಾ?"

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಸೋಮವಾರ ಹತ್ತು ಗಂಟೆಗೆ ಏಕಾಂತಯ್ಯನವರ ಮೇಜಿನ ಮುಂದೆ ನಿಂತೆ. ತಂದೆ ಮಗಳು ಬಾಗಿಲ ಬಳಿ ನಿಂತಿದ್ದರು. ಆರ್ಡರು ಟೈಪಾಗಿ ರುಜುವಿಗೆ ಕಾಯುತ್ತಿತ್ತು. ನಾನು ವಿಷಯ ಹೇಳಿದೆ. ಏಕಾಂತಯ್ಯ ಕನ್ನಡಕ ತೆಗೆದಿಟ್ಟರು.

"ಮೊನ್ನೆ ಮೊನ್ನೆ ನೀವೇ ನಕಲಿ ಅಂತ ಬರೆದ್ರಿ. ಈಗ ನಂದೇ ಕೆತ್ತನೆ ಅಂತೀರಿ. ತಪ್ಪು ತಿಳ್ಕೋಬೇಡಿ, ಈ ಹುಡುಗಿ ಕಡೆಯೋರು ನಿಮ್ಮನ್ನ ಏನಾದ್ರೂ..."

"ಏಕಾಂತಯ್ಯನವರೇ!" ನನ್ನ ಕೂಗಿಗೆ ಟೈಪ್‌ರೈಟರುಗಳೆಲ್ಲ ನಿಂತವು. "ನನ್ನ ಹೆಸರು ಹಾಳಾಗೋ ಮಾತನ್ನ ಯಾರೋ ಹೇಳಿದ್ರು ಅಂತ ನಾನು ಹೇಳ್ತೀನಾ? ತಗೊಳ್ಳಿ ಪುಸ್ತಕ. ನಿಮ್ಮ ಭೂತಗನ್ನಡಿ ತೆಗೀರಿ. ನಾಣ್ಯಾನೂ ತೆಗೀರಿ."

ಪುಟದ ಪಕ್ಕ ಸರ್ಟಿಫಿಕೇಟು ಇಟ್ಟೆ. ಅವರು ನೋಡುತ್ತಾ ಹೋದರು. ಳಕಾರದ ಚುಕ್ಕಿ, ಎರಡರಲ್ಲೂ ಇತ್ತು. ನಡುವಿನ ಸಿಂಹದ ಕಿವಿಯ ಬಳಿ ಉಳಿ ಜಾರಿದ ಒಂದು ಕೂದಲೆಳೆಯ ಗೀರು, ಎರಡರಲ್ಲೂ ಇತ್ತು. ಗಂಡಭೇರುಂಡದ ಪುಟಗಳನ್ನೂ ತೋರಿಸಿ ತಪ್ಪು ಹೇಗಾಯಿತು ಅಂತ ವಿವರಿಸಿದೆ. ಆನೆಯನ್ನೂ ಪ್ರದಕ್ಷಿಣೆಯನ್ನೂ ಚಲುವರಾಜು ಅವರೇ ಮುಂದೆ ಬಂದು ಹೇಳಿದರು. ಏಕಾಂತಯ್ಯನವರ ಮುಖ ಹೊಸ ಅಂಚೆಚೀಟಿ ಸಿಕ್ಕಿದವರ ಹಾಗೆ ಅರಳಿತು. "ಹಿಂದ್ಗಡೆ ಆನೆ ಇದೆಯಾ! ಇಪ್ಪತ್ತೆಂಟು ವರ್ಷ ಸರ್ವೀಸು ನಂದು, ದಿನಾ ಈ ಲಾಂಛನದ ಕಾಗದ ಮುಟ್ತೀನಿ" ಅಂದರು.

ಹೊಸ ಕಾಗದ ಬರೆದುಕೊಟ್ಟೆ. "ಈ ಸೀಲು ನನ್ನದು. ತಪ್ಪು ನನ್ನದು. ಸರ್ಟಿಫಿಕೇಟು ಅಸಲಿ." ಅವರು ಶಿವಕುಮಾರಿಯ ಆರ್ಡರನ್ನು ಎರಡು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಹೋಗಿ ನಿನ್ನ ಸೀಟಲ್ಲಿ ಕೂತ್ಕೊಳ್ಳಮ್ಮ, ಕೆಲಸ ಬಹಳ ಇದೆ" ಅಂದರು. ಚಲುವರಾಜು ಗೋಡೆಯ ಕಡೆ ತಿರುಗಿ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಆದರೆ ಶಿವಕುಮಾರಿ ಸೀಟಿಗೆ ಹೋಗಲಿಲ್ಲ.

"ಸಾರ್, ಗುರುಬಸಮ್ಮ? ಕಮಲ?" ಅಂದಳು.

ಏಕಾಂತಯ್ಯನವರ ಮುಖದ ನಗು ನಿಂತಿತು. ಅವರು ಡ್ರಾಯರು ಎಳೆದು ಎರಡು ಸರ್ಟಿಫಿಕೇಟು ತೆಗೆದಿಟ್ಟರು. ಅದೇ ಸೀಲು. ಎರಡರಲ್ಲೂ ಕುದುರೆ ಬಲಕ್ಕೆ. "ಇವರೂ ಅದೇ ಬ್ಯಾಚು. ಬೇರೆ ಸೆಕ್ಷನ್ನಲ್ಲಿ ದಿನಗೂಲಿ ಮೇಲೆ ಇದ್ರು. ದಿನಗೂಲಿಯವರಿಗೆ ಆರ್ಡರ್ ಗೀರ್ಡರ್ ಬೇಕಿಲ್ಲ. ನಿಮ್ಮ ಕಾಗದ ಬಂದ ಮಾರನೇ ದಿನವೇ ಕಳಿಸಿಬಿಟ್ವಿ."

"ಅವರು ಏನೂ ಹೇಳ್ಲಿಲ್ವಾ?" ಅಂತ ಕೇಳಿದೆ.

"ಯಾರೂ ಕೇಳ್ಲಿಲ್ಲ" ಅಂದರು ಏಕಾಂತಯ್ಯ. ತಗ್ಗಿದ ದನಿಯಲ್ಲೇ ಅಂದರು. "ಕಾಗದ ಕಳಿಸ್ತೀನಿ, ವಾಪಸ್ ಬನ್ನಿ ಅಂತ. ನಂಬ್ತಾರೋ ಇಲ್ವೋ. ಪೊಲೀಸಿನ ಮಾತು ಕೇಳಿ ಹೆದರಿ ಹೋದೋರು."

ನಾನು ಆ ಎರಡು ಸರ್ಟಿಫಿಕೇಟನ್ನೂ ಕೈಗೆ ತೆಗೆದುಕೊಂಡೆ. ಹಿತ್ತಾಳೆಯ ಮೇಲಿನ ತಪ್ಪು ಕೈಯದು. ಆರು ವರ್ಷ ಅದು ಯಾರಿಗೂ ನೋವು ಮಾಡಿರಲಿಲ್ಲ. ಕಾಗದದ ಮೇಲಿನ ತಪ್ಪು ನನ್ನ ಬಾಯಿಯದು, ಜಂಬದ್ದು. ಅದಕ್ಕೆ ಯಾವ ಗುರುಗಳನ್ನೂ ಯಾವ ಹಕ್ಕಿಯನ್ನೂ ಹೊಣೆ ಮಾಡುವ ಹಾಗಿರಲಿಲ್ಲ.

"ಕಾಗದ ಬೇಡ ಸ್ವಾಮಿ" ಅಂದೆ. "ವಿಳಾಸ ಕೊಡಿ."

ಕಮಲಳ ಮನೆ ದೂರ, ಗುರುಬಸಮ್ಮನದು ಅಕ್ಕಿಪೇಟೆ. ಮೊದಲು ಅಲ್ಲಿಗೆ ಹೋಗೋಣ ಅಂತ ಚಲುವರಾಜು ಹೇಳಿದರು, ಜೊತೆಗೂ ಬಂದರು. ಅಚ್ಚಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಆ ಬೀದಿಗೆ ನಾನು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಗುರುಗಳ ಮನೆ ಇದ್ದ ಕಡೆ ಈಗ ಅಕ್ಕಿ ಮಂಡಿ. ವಿಚಾರಿಸಿದರೆ, ಗುರುಬಸಮ್ಮ ಅದೇ ಮಂಡಿಯಲ್ಲಿ ಒಂದು ವಾರದಿಂದ ಅಕ್ಕಿ ಆರಿಸುತ್ತಿದ್ದಾಳೆ ಅಂದರು.

ಒಳಗೆ ಮೂಟೆಗಳ ನಡುವೆ ನಾಲ್ಕು ಹೆಂಗಸರು ಮೊರ ಹಿಡಿದು ಕೂತಿದ್ದರು. ಕೊನೆಯವಳು ಚಿಕ್ಕ ವಯಸ್ಸಿನವಳು. ಟೈಪು ಮಾಡಿದ ಬೆರಳುಗಳು ಬೇಗಬೇಗ ಓಡಿ ಕಲ್ಲು ಆರಿಸಿ ಎಸೆಯುತ್ತಿದ್ದವು. ನಮ್ಮನ್ನು ಕಂಡು ಅವಳ ಕೈ ನಿಂತಿತು. ಇಬ್ಬರು ಗಂಡಸರು, ಒಬ್ಬನ ಕಂಕುಳಲ್ಲಿ ದಪ್ಪನೆಯ ಪುಸ್ತಕ. ಅವಳು ಮೊರ ಕೆಳಗಿಟ್ಟು ಎದ್ದು, ಮೂಟೆಯ ಹಿಂದಕ್ಕೆ ಸರಿದಳು.

"ನಾನೇನೂ ಮಾಡಿಲ್ಲ ಸ್ವಾಮಿ. ನನಗೇನೂ ಗೊತ್ತಿಲ್ಲ. ನೀವು ಯಾರು?"

ದಾರಿಯುದ್ದಕ್ಕೂ ನಾನು ಏನೇನೋ ಮಾತು ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬದಿಗಿಟ್ಟೆ. ಪುಸ್ತಕದ ಬಟ್ಟೆ ಬಿಚ್ಚಿ, ಆ ಪುಟ ತೆಗೆದು, ಅಕ್ಕಿ ಮೂಟೆಯ ಮೇಲೆ ಅವಳ ಕಡೆಗೆ ತಿರುಗಿಸಿಟ್ಟೆ.

"ಹೆದರ್ಕೋಬೇಡ ತಾಯಿ. ನಿನ್ನ ಕುದುರೇನ ತಪ್ಪು ಕಡೆಗೆ ಓಡಿಸಿದ ಕತ್ತೆ ನಾನೇ."